ಚಕ್ಕುಲಿಯ ತೇವ

ತೇವಕ್ಕೆ ಕನ್ನಡದಲ್ಲಿ ಹೆಸರುಗಳಿಗೇನೂ ಬರವಿಲ್ಲ. ನೆಲದೊಳಗಿದ್ದರೆ ಅದು ಪಸೆ, ಬಟ್ಟೆಯಲ್ಲಿದ್ದರೆ ಒದ್ದೆ, ಸೌದೆಯಲ್ಲಿದ್ದರೆ ಹಸಿ, ಗೋಡೆಯಲ್ಲಿದ್ದರೆ ಥಂಡಿ, ಗದ್ದೆಯ ಮೂಲೆಯಲ್ಲಿ ನಿಂತರೆ ಜೌಗು. ಇವಿಷ್ಟೂ ಸಾಲದೆಂದು ಶಾಲೆಯ ಪುಸ್ತಕ ಬರೆದವರು ‘ಆರ್ದ್ರತೆ’ ಎಂಬ ಇನ್ನೊಂದನ್ನು ತಂದಿಟ್ಟರು. ಆರ್ದ್ರಾ ಮಳೆ ಗೊತ್ತಿದ್ದ ರೈತರ ಮಕ್ಕಳಿಗೆ ಆರ್ದ್ರತೆ ಮಾತ್ರ ಪರೀಕ್ಷೆಯವರೆಗೂ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು.

ನಾನು 33 ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವಳು. ಒಂದು ಉಷ್ಣತೆಯಲ್ಲಿ ಗಾಳಿ ಹಿಡಿದಿಟ್ಟುಕೊಳ್ಳಬಹುದಾದ ನೀರಾವಿ ಎಷ್ಟು, ಈಗ ಅದರಲ್ಲಿ ನಿಜವಾಗಿ ಇರುವುದೆಷ್ಟು, ಇವೆರಡರ ಅನುಪಾತವನ್ನು ಶೇಕಡಾ ಲೆಕ್ಕದಲ್ಲಿ ಹೇಳಿದರೆ ಅದೇ ಸಾಪೇಕ್ಷ ಆರ್ದ್ರತೆ – ಈ ವಾಕ್ಯವನ್ನು ಎಷ್ಟು ತಂಡದ ಮಕ್ಕಳಿಗೆ ಬರೆಸಿದ್ದೇನೋ ಲೆಕ್ಕವಿಲ್ಲ. ತೀರ್ಥಹಳ್ಳಿ ಸೀಮೆಯ ಮಕ್ಕಳು ಅವು. “ಟೀಚರ್, ಇದನ್ನ ಅಳೆದು ಏನು ಮಾಡೋದು?” ಎಂದು ಒಬ್ಬ ಹುಡುಗ ಒಮ್ಮೆ ಕೇಳಿದ್ದ. ಅವನ ಪ್ರಶ್ನೆ ಸರಿಯಾಗಿಯೇ ಇತ್ತು. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯಲ್ಲಿ ಕೂತ ನಮಗೆ ಆರ್ದ್ರತೆಯೆಂದರೆ ಅಳೆಯುವ ವಸ್ತುವಲ್ಲ, ಓಡಿಸುವ ವಸ್ತು. ಹಪ್ಪಳದ ಡಬ್ಬಿ ಒಲೆಯ ಪಕ್ಕ, ಬೆಂಕಿಪೊಟ್ಟಣ ಅಕ್ಕಿಯ ಡಬ್ಬಿಯೊಳಗೆ, ಮಕ್ಕಳ ಯೂನಿಫಾರಂ ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ. ಕಪಾಟಿನ ಪುಸ್ತಕಕ್ಕೆ ಬೂಷ್ಟು, ಚಪ್ಪಲಿಗೆ ಬೂಷ್ಟು, ದೇವರ ಪಟದ ಗಾಜಿನ ಒಳಗೂ ಬೂಷ್ಟು. ಮಳೆಗಾಲದ ನಾಲ್ಕು ತಿಂಗಳು ನಮ್ಮ ಸಂಸಾರವೆಂದರೆ ತೇವದ ಮೇಲೆ ಹೂಡಿದ ಯುದ್ಧವೇ.

ಅಂಥ ನಾನು 67ನೇ ವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿ, ಒಂದು ಪೆಟ್ಟಿಗೆಯೊಳಗೆ ತೇವ ಹುಟ್ಟಿಸುವ ಕೆಲಸಕ್ಕೆ ನಿಂತೆನೆಂದರೆ ನೀವು ನಗಬಹುದು. ಆ ಪೆಟ್ಟಿಗೆಯಲ್ಲಿದ್ದದ್ದು ಹಾವು ಎಂದರೆ ನಗು ನಿಲ್ಲಲೂಬಹುದು.

ಮಗಳು ಇರುವುದು ಮಿನಿಯಾಪೋಲಿಸ್ ನಗರದಲ್ಲಿ. ಅವಳ ಎರಡನೆಯ ಬಾಣಂತನಕ್ಕೆಂದು ನವೆಂಬರಿನಲ್ಲಿ ಹೊರಟೆ. ನಮ್ಮ ಯಜಮಾನರು ಅಡಿಕೆ ಕೊಯ್ಲು ಬಿಟ್ಟು ಬರುವ ಜಾತಿಯಲ್ಲ. ಬಾಣಂತಿ ಖಾರದ ಡಬ್ಬಿ, ಒಣಶುಂಠಿ, ಓಮ, ಹಳೆಯ ಹತ್ತಿಸೀರೆಗಳ ಜೊತೆ ನಾನೊಬ್ಬಳೇ. ಮನೆಗೆ ಹೋಗಿ ಬೂಟ್ಸು ಬಿಚ್ಚುವುದರೊಳಗೆ 11 ವರ್ಷದ ಮೊಮ್ಮಗ ಕೈಹಿಡಿದು ಎಳೆದುಕೊಂಡು ಹೋದ. ಅವನ ಕೋಣೆಯಲ್ಲಿ ನಾಲ್ಕು ಅಡಿ ಉದ್ದದ ಗಾಜಿನ ಪೆಟ್ಟಿಗೆ. ಒಳಗೆ ಕಂದು ಬಣ್ಣದ, ಹಳದಿ ಮಚ್ಚೆಯ ಒಂದು ಸುರುಳಿ.

“ಅಜ್ಜಿ, ಇವಳ ಹೆಸರು ಚಕ್ಕುಲಿ.”

ಬಾಲ್ ಪೈಥಾನ್ ಎಂದು ಅಲ್ಲಿಯವರು ಕರೆಯುವ ಜಾತಿ. ಹೆದರಿದರೆ ಕಚ್ಚಲು ಬಾರದೆ, ತಲೆಯನ್ನು ನಡುವೆ ಇಟ್ಟುಕೊಂಡು ಚೆಂಡಿನ ಹಾಗೆ ಸುತ್ತಿಕೊಳ್ಳುವುದರಿಂದ ಆ ಹೆಸರು. ನಮ್ಮ ಹೆಬ್ಬಾವಿನ ಕುಲದ್ದೇ, ಆದರೆ ನಾಲ್ಕೈದು ಅಡಿಗೆ ಬೆಳವಣಿಗೆ ಮುಗಿಯಿತು. ಹುಡುಗ ಇಟ್ಟ ಹೆಸರಿಗೆ ನಾನು ಮೆಚ್ಚಿಕೊಂಡೆ. ಆದರೆ ಹಾವಿನ ಜೊತೆ ಒಂದೇ ಸೂರಿನಡಿ ಮಲಗುವುದೆಂದರೆ? ನಾವು ಚಿಕ್ಕವರಿದ್ದಾಗ ರಾತ್ರಿ ಹೊತ್ತು ‘ಹಾವು’ ಎನ್ನಲೂ ಬಿಡುತ್ತಿರಲಿಲ್ಲ, ‘ಹುಳ’ ಎನ್ನಬೇಕಿತ್ತು.

“ನಮ್ಮೂರಲ್ಲಿ ನಾಗರಹಾವನ್ನೋ ಹೆಬ್ಬಾವನ್ನೋ ಹೀಗೆ ಮನೆಯಲ್ಲಿಟ್ಟರೆ 1972ರ ಕಾಯ್ದೆ ಪ್ರಕಾರ ಜೈಲಿಗೆ ಹಾಕ್ತಾರೆ ಮಗಾ” ಎಂದೆ.

“ಮತ್ತೆ ನೀವು ಪೂಜೆ ಮಾಡ್ತೀರಲ್ಲ?”

“ಪೂಜೆ ಮಾಡ್ತೀವಿ. ಮನೇಲಿ ಇಟ್ಕೊಳ್ಳಲ್ಲ.”

ಇದರಲ್ಲಿ ಏನೋ ತರ್ಕದೋಷವಿದೆಯೆಂದು ಅವನ ಮುಖ ಹೇಳುತ್ತಿತ್ತು. ಆದರೆ ಹಿರಿಯರನ್ನು ಹೆಚ್ಚು ಕೆಣಕದ ಹುಡುಗ.

ಡಿಸೆಂಬರಿನಲ್ಲಿ ಹೆಣ್ಣುಮಗು ಹುಟ್ಟಿತು. ಮನೆಯ ಗಡಿಯಾರವೆಲ್ಲ ಆ ಮಗುವಿನ ಸುತ್ತ ತಿರುಗತೊಡಗಿತು. ಮಗುವಿಗೆ ಹಾಲು, ಬಾಣಂತಿಗೆ ಊಟ, ಅಳಿಯನಿಗೆ ಅರೆನಿದ್ದೆಯಲ್ಲಿ ಆಫೀಸು. ಹುಡುಗ ಶಾಲೆಯಿಂದ ಬಂದವನೇ ತನ್ನ ಕೋಣೆ ಸೇರುತ್ತಿದ್ದ. ಅವನಿಗೆ ಬರುವ ಕನ್ನಡ ಊಟ, ನಿದ್ದೆ, ಬಾ, ಹೋಗು ಇಷ್ಟರಲ್ಲೇ ಮುಗಿಯುತ್ತಿತ್ತು. ನನಗೆ ಬರುವ ಇಂಗ್ಲಿಷು ಅವನ ವೇಗಕ್ಕೆ ಸಾಲದು. ನಾನು ಕೊಟ್ಟದ್ದನ್ನು ತಿಂದು “ಥ್ಯಾಂಕ್ಸ್ ಅಜ್ಜಿ” ಎನ್ನುತ್ತಿದ್ದ. ಮೊಮ್ಮಗ ಥ್ಯಾಂಕ್ಸ್ ಹೇಳಿದಾಗಲೆಲ್ಲ ನನಗೆ ಹೋಟೆಲಿನಲ್ಲಿ ಬಡಿಸಿದಂತಾಗುತ್ತಿತ್ತು.

ಜನವರಿಯಲ್ಲಿ ಚಕ್ಕುಲಿ ಪೊರೆ ಬಿಟ್ಟಿತು. ಬಿಟ್ಟಿತು ಎನ್ನುವುದಕ್ಕಿಂತ ಹರಿದುಕೊಂಡಿತು ಎನ್ನಬೇಕು. ಹಾವಿನ ಪೊರೆ ತುಟಿಯ ಹತ್ತಿರ ಸಡಿಲವಾಗಿ, ಕಾಲುಚೀಲವನ್ನು ಒಳಹೊರಗು ಮಾಡಿ ಕಳಚಿದ ಹಾಗೆ ಬಾಲದವರೆಗೆ ಒಂದೇ ತುಂಡಾಗಿ ಬರಬೇಕು. ನಮ್ಮ ತೋಟದ ಕಲ್ಲುಕಟ್ಟೆಯ ಸಂದಿಯಲ್ಲಿ ಅಂಥ ಪೂರ್ತಿ ಪೊರೆಗಳನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಇಲ್ಲಿ ಮಾತ್ರ ಹಳೆಯ ಗೋಡೆಯ ಸುಣ್ಣದ ಹಾಗೆ ಚೂರುಚೂರಾಗಿ ಎದ್ದಿತ್ತು. ಬಾಲದ ತುದಿಗೆ ಒಂದು ಉಂಗುರ ಬಿಗಿದುಕೊಂಡಿತ್ತು. ಹಾಗೇ ಬಿಟ್ಟರೆ ರಕ್ತ ಓಡದೆ ತುದಿ ಒಣಗಿಹೋಗುತ್ತದಂತೆ. ಅಳಿಯ ಅವನನ್ನೂ ಹಾವನ್ನೂ ಕಾರಿನಲ್ಲಿ ಕೂರಿಸಿಕೊಂಡು ಪಶುವೈದ್ಯರಲ್ಲಿಗೆ ಹೋದರು. ಬಾಲದ ಉಂಗುರವನ್ನು ವೈದ್ಯರು ಒದ್ದೆಬಟ್ಟೆಯಲ್ಲಿ ನೆನೆಸಿ ಬಿಡಿಸಿದರು. ಎಡಗಣ್ಣಿನ ಮೇಲೆ ಉಳಿದ ಪೊರೆಯನ್ನು ಮಾತ್ರ ಕೀಳಬಾರದು, ಕಿತ್ತರೆ ಕಣ್ಣೇ ಹೋದೀತು, ಮುಂದಿನ ಪೊರೆಯ ಜೊತೆ ಬರುತ್ತದೆಯೋ ನೋಡೋಣ, ಅಲ್ಲಿಯವರೆಗೆ ಪೆಟ್ಟಿಗೆಯಲ್ಲಿ ತೇವ ಸಾಲದಾಗದಂತೆ ನೋಡಿಕೊಳ್ಳಿ ಎಂದರು.

ಅಂದು ರಾತ್ರಿ ಹುಡುಗ ಊಟ ಮಾಡಲಿಲ್ಲ. ಹಾವಿಗೆ ರೆಪ್ಪೆಯಿಲ್ಲ, ರೆಪ್ಪೆಯ ಜಾಗದಲ್ಲಿ ಗಡಿಯಾರದ ಗಾಜಿನಂಥ ಒಂದು ಪಾರದರ್ಶಕ ಹುರುಪೆ. ಪ್ರತಿ ಸಲ ಮೈಯ ಪೊರೆಯ ಜೊತೆ ಅದೂ ಹೋಗಿ ಹೊಸದು ಬರಬೇಕು. ಇದನ್ನೆಲ್ಲ ಅವನು ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕೈಸನ್ನೆಯಲ್ಲಿ ನನಗೆ ವಿವರಿಸಿದ. ಕೊನೆಗೆ, “ಅದು ಬ್ಲೈಂಡ್ ಆಗತ್ತಾ ಅಜ್ಜಿ?” ಎಂದ.

ನನ್ನ ಬಲಗಣ್ಣಿಗೆ ಎರಡು ವರ್ಷದ ಹಿಂದೆ ಶಿವಮೊಗ್ಗದಲ್ಲಿ ಪೊರೆಯ ಆಪರೇಷನ್ ಆಗಿತ್ತು. ಎಡಗಣ್ಣಿನದು ಇನ್ನೂ ಬಲಿಯಬೇಕೆಂದು ಬಿಟ್ಟಿದ್ದರು. ನಿಜವಾಗಿ ಮನುಷ್ಯರ ಕಣ್ಣಿನ ಪೊರೆ ಪೊರೆಯೇ ಅಲ್ಲ, ಒಳಗಿನ ಮಸೂರವೇ ಮಬ್ಬಾಗುವುದು. ಕ್ಲಾಸಿನಲ್ಲಿ ನಾನೇ ಹಾಗೆ ಹೇಳಿಕೊಟ್ಟಿದ್ದೇನೆ. ಆದರೆ ಆ ಹೊತ್ತಿಗೆ ವಿಜ್ಞಾನಕ್ಕಿಂತ ಕನ್ನಡವೇ ಉಪಯೋಗಕ್ಕೆ ಬಂತು. “ನಂಗೂ ಎಡಗಣ್ಣಿಗೆ ಪೊರೆ ಬಂದಿದೆ ನೋಡು. ನಾನು ಬ್ಲೈಂಡಾ? ದೋಸೆ ಹುಯ್ದು ಕೊಡ್ತಿಲ್ವಾ?” ಎಂದೆ. ಅವನು ನನ್ನ ಕನ್ನಡಕ ತೆಗೆಸಿ, ಟಾರ್ಚು ಹಿಡಿದು ಕಣ್ಣನ್ನು ಬಹಳ ಹೊತ್ತು ಪರೀಕ್ಷಿಸಿದ. ಆಮೇಲೆ ಎರಡು ದೋಸೆ ತಿಂದ. ‘ಪೊರೆ’ ಎಂಬ ಮಾತು ಅವನ ಬಾಯಿಗೆ ಅಂದೇ ಹತ್ತಿತು.

ಕಷ್ಟ ಅಷ್ಟಕ್ಕೆ ಮುಗಿಯಲಿಲ್ಲ. ಮಗುವನ್ನು ತೋರಿಸಲು ಹೋದಾಗ ಅಲ್ಲಿಯ ನರ್ಸು, ಮನೆಯಲ್ಲಿ ಹಾವು, ಆಮೆ, ಹಲ್ಲಿ ಇಂಥದ್ದೇನಾದರೂ ಇದೆಯೇ ಎಂದು ಕೇಳಿದರಂತೆ. ಇಂಥ ಪ್ರಾಣಿಗಳು ನೋಡಲು ಆರೋಗ್ಯವಾಗಿದ್ದರೂ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯವನ್ನು ಹೊತ್ತಿರಬಹುದು. ಐದು ವರ್ಷದೊಳಗಿನ ಮಕ್ಕಳಿಗೂ 65 ದಾಟಿದವರಿಗೂ ಅದು ಹೆಚ್ಚು ಅಪಾಯ. ಮನೆಯಲ್ಲಿ ಈಗ ಎರಡು ಥರದವರೂ ಇದ್ದೆವು. ಅಳಿಯ ಊಟದ ಮೇಜಿನಲ್ಲಿ ಮೆಲ್ಲಗೆ, ಹಾವು ಸಾಕಿ ಅನುಭವವಿದ್ದ ಪರಿಚಯದವರೊಬ್ಬರು ಇದ್ದಾರೆ, ಕೇಳಿದರೆ ತೆಗೆದುಕೊಂಡಾರು ಎಂದರು. ಕೆಟ್ಟ ಮನುಷ್ಯರಲ್ಲ ಅವರು; ನಿದ್ದೆಗೆಟ್ಟ ತಂದೆ. ಮಗಳು ಮಗುವಿನ ಕಡೆ ನೋಡಿದಳು. ಹುಡುಗ ತಟ್ಟೆಯ ಕಡೆ ನೋಡಿದ. ಅತ್ತೆಯಾದವಳು ಇಂಥಲ್ಲಿ ಬಾಯಿ ಹಾಕಬಾರದೆಂದು ನನಗೂ ಗೊತ್ತು. ಆದರೂ, “ಕಣ್ಣಿನದು ಸರಿಯಾಗೋವರೆಗೆ ಇರಲಿ. ಕೆಳಗಿನ ಮನೇಲಿ ಇಡೋಣ, ಹಗಲು ಹೊತ್ತು ನಾನು ನೋಡ್ಕೊಳ್ತೀನಿ, ಮುಟ್ಟೋದಿಲ್ಲ” ಎಂದುಬಿಟ್ಟೆ. ಮುಟ್ಟುವ ಆಸೆ ಇದ್ದವರು ಯಾರು? ಮಾರ್ಚ್‌ವರೆಗೆ ನೋಡೋಣ ಎಂದು ತೀರ್ಮಾನವಾಯಿತು.

ನೆಲಮಾಳಿಗೆಗೆ ಪೆಟ್ಟಿಗೆ ಇಳಿಯಿತು. ಅಲ್ಲೇ ಕೈ ತೊಳೆಯಲು ಬೇಸಿನ್ನು. ಹಾವಿನ ಯಾವ ಪಾತ್ರೆಯೂ ಅಡಿಗೆಮನೆಗೆ ಬರುವಂತಿಲ್ಲ, ಕೈ ತೊಳೆಯದೆ ಯಾರೂ ಮೆಟ್ಟಿಲು ಹತ್ತುವಂತಿಲ್ಲ. ಮಡಿ-ಮೈಲಿಗೆಯಲ್ಲಿ ಬೆಳೆದ ನನಗೆ ಈ ಶಾಸ್ತ್ರ ಹೊಸದೇನಲ್ಲ. ಅದರ ಊಟವಾದ ಹೆಪ್ಪುಗಟ್ಟಿದ ಇಲಿಗೆ ಬೇರೆಯದೇ ಪುಟ್ಟ ಫ್ರಿಜ್ಜು. ಆ ವಿಭಾಗ ಮಾತ್ರ ಹುಡುಗನದು, ಸಸ್ಯಾಹಾರಿ ಅಜ್ಜಿಗೆ ವಿನಾಯಿತಿ.

ನನ್ನದು ತೇವದ ವಿಭಾಗ. ನಮ್ಮೂರಿನ ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿ ಕಾದಿತ್ತು. ಮಿನಿಯಾಪೋಲಿಸ್ಸಿನಲ್ಲಿ ಜನವರಿಯೆಂದರೆ ಸೊನ್ನೆಗಿಂತ 15 ಡಿಗ್ರಿ ಕೆಳಗಿಳಿಯುವುದು ವಿಶೇಷವಲ್ಲ. ಹೊರಗೆ ನೋಡಿದರೆ ಎಲ್ಲೆಲ್ಲೂ ಹಿಮ, ಎಂದರೆ ನೀರೇ. ಆದರೆ ಅಷ್ಟು ಚಳಿಯ ಗಾಳಿ ಒಂದು ಘನಮೀಟರಿಗೆ ಒಂದೂವರೆ ಗ್ರಾಂನಷ್ಟು ನೀರಾವಿ ಮಾತ್ರ ಹಿಡಿಯಬಲ್ಲದು. ಅದೇ ಗಾಳಿ ಮನೆಯೊಳಗೆ ಬಂದು 21 ಡಿಗ್ರಿಗೆ ಬಿಸಿಯಾದರೆ ಸುಮಾರು 18 ಗ್ರಾಂ ಹಿಡಿಯುವ ಸಾಮರ್ಥ್ಯ ಬಂತು. ಇರುವುದು ಮಾತ್ರ ಅದೇ ಒಂದೂವರೆ. ಲೆಕ್ಕ ಹಾಕಿದರೆ ಶೇಕಡಾ 8. ಸ್ನಾನ, ಅಡಿಗೆ, ನಮ್ಮ ಉಸಿರು ಎಲ್ಲ ಸೇರಿ ಅದನ್ನು 20ಕ್ಕೋ 25ಕ್ಕೋ ಏರಿಸಿಯಾವು. ನನ್ನ ಹಿಮ್ಮಡಿ ಒಡೆದದ್ದು, ಮಗಳ ತುಟಿ ಬಿರಿದದ್ದು, ಬಾಗಿಲ ಹಿಡಿ ಮುಟ್ಟಿದರೆ ಚುರುಕ್ಕೆಂದು ಕಿಡಿ ಹಾರಿದ್ದು, ಚಕ್ಕುಲಿಯ ಪೊರೆ ಹರಿದದ್ದು ಎಲ್ಲಕ್ಕೂ ಇದೊಂದೇ ಕಾರಣ. ಹಾವಿಗೆ ಬೇಕಾದದ್ದು 60ರಿಂದ 80.

ಇದು ಮರಳುಗಾಡಿನ ಹಾವಲ್ಲ. ಇದರ ತವರು ಪಶ್ಚಿಮ ಮತ್ತು ಮಧ್ಯ ಆಫ್ರಿಕ – ಘಾನಾ, ಟೋಗೊ, ಬೆನಿನ್ ಮೊದಲಾದ ದೇಶಗಳ ಹುಲ್ಲುಬಯಲು. ಬೆನಿನ್ನಿನ ವೀಡಾ ಎಂಬ ಊರಿನಲ್ಲಿ ಇವುಗಳಿಗೆ ಗುಡಿಯೇ ಇದೆ, ಅಲ್ಲಿಯವರು ಇವನ್ನು ಕೊಲ್ಲುವುದಿಲ್ಲ. ಬಯಲಿನಲ್ಲಿ ಬಿಸಿಲು ಸುಡುವಾಗ ಇವು ಇಲಿಗಳ ಬಿಲವನ್ನೋ ಗೆದ್ದಲಿನ ಹುತ್ತವನ್ನೋ ಸೇರುತ್ತವೆ. ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲಾಗುವುದನ್ನು ನಾವು ಅನ್ಯಾಯಕ್ಕೆ ಉದಾಹರಣೆಯಾಗಿ ಹೇಳುತ್ತೇವೆ. ಆದರೆ ಗೆದ್ದಲಿಗೆ ಒಣಗಾಳಿ ತಗುಲಿದರೆ ಸಾವು. ಅದಕ್ಕೇ ಅದು ನೆಲದಾಳದ ಪಸೆಯನ್ನು ಹಿಡಿದಿಟ್ಟುಕೊಳ್ಳುವಂತೆ ಹುತ್ತ ಕಟ್ಟುತ್ತದೆ. ಹಾವು ಹುಡುಕಿಕೊಂಡು ಬರುವುದು ಆ ಪಸೆಯನ್ನು. ಈ ಜಾತಿಯ ತಾಯಿಹಾವು ಮೊಟ್ಟೆಯಿಟ್ಟ ಮೇಲೆ ಅವನ್ನು ಬಿಗಿಯಾಗಿ ಸುತ್ತಿಕೊಂಡು ಎರಡು ತಿಂಗಳು ಕೂರುತ್ತದೆ. ಮೊಟ್ಟೆಯೊಳಗಿನ ನೀರು ಆರದಂತೆ ಕಾಯುವುದೇ ಅದರಲ್ಲಿ ಮುಖ್ಯ. ನಮ್ಮ ಕಾಳಿಂಗ ಇನ್ನೂ ಒಂದು ಹೆಜ್ಜೆ ಮುಂದೆ: ಮಳೆಗಾಲಕ್ಕೆ ಮೊದಲೇ ತರಗೆಲೆ ಗುಡ್ಡೆ ಹಾಕಿ ಗೂಡು ಕಟ್ಟಿ ಅದರೊಳಗೆ ಮೊಟ್ಟೆಯಿಡುತ್ತದೆ. ಹಾಗೆ ಗೂಡು ಕಟ್ಟುವ ಹಾವು ಪ್ರಪಂಚದಲ್ಲಿ ಅದೊಂದೇ. 2005ರಲ್ಲಿ ರೋಮುಲಸ್ ವಿಟೇಕರ್ ಆಗುಂಬೆಯಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರ ತೆರೆದದ್ದೂ ಈ ಕಾಳಿಂಗನಿಗಾಗಿಯೇ. ಮೇಲೆ ಬಾಣಂತಿಗೆ ಕಷಾಯ ಕಾಯಿಸಿಟ್ಟು ಕೆಳಗಿಳಿದು ಹಾವಿನ ಬಾಣಂತನದ ಈ ಕಥೆಗಳನ್ನು ಹುಡುಗನಿಗೆ ಹೇಳುತ್ತಿದ್ದೆ. ಅವನಿಗೆ ಅರ್ಧ ಗೊತ್ತಿತ್ತು, ಇನ್ನರ್ಧವನ್ನು ಕನ್ನಡದಲ್ಲಿ ಕೇಳಿದ.

ಮೊದಲು ಮಾಪಕವನ್ನೇ ಅನುಮಾನಿಸಿದೆ. ಮುಳ್ಳಿರುವ ಅಗ್ಗದ ಮಾಪಕ ಪೆಟ್ಟಿಗೆಯ ಗೋಡೆಗೆ ಅಂಟಿಕೊಂಡು ಸದಾ 60 ಎನ್ನುತ್ತಿತ್ತು, ಪರೀಕ್ಷೆಗೆ ಮೊದಲೇ ಉತ್ತರ ಬರೆದಿಟ್ಟ ಹುಡುಗನ ಹಾಗೆ. ಪುಟ್ಟ ಬಟ್ಟಲಿಗೆ ಅಡಿಗೆ ಉಪ್ಪು ಹಾಕಿ, ಅದು ಕೆಸರಾಗುವಷ್ಟು ಮಾತ್ರ ನೀರು ಹನಿಸಿ, ಮಾಪಕದ ಜೊತೆ ಗಾಳಿ ಹೋಗದ ಪ್ಲಾಸ್ಟಿಕ್ ಚೀಲದಲ್ಲಿ ಒಂದು ದಿನವಿಡೀ ಮುಚ್ಚಿಟ್ಟೆವು. ಒದ್ದೆ ಉಪ್ಪಿನ ಮೇಲಿನ ಗಾಳಿ ಶೇಕಡಾ 75ಕ್ಕೆ ಬಂದು ನಿಲ್ಲುವುದು ಉಪ್ಪಿನ ಗುಣ. ಮುಳ್ಳಿನ ಮಾಪಕ ಆಗಲೂ 60 ತೋರಿಸಿತು. ಹೊಸದಾಗಿ ತಂದ ಅಂಕಿಯ ಮಾಪಕ 74. ಹಳೆಯದು ಕಸದ ಬುಟ್ಟಿಗೆ ಹೋಯಿತು. ಗಾಳಿ 75 ದಾಟಿದರೆ ಒಣ ಉಪ್ಪು ತಾನಾಗಿ ನೀರೊಡೆಯುತ್ತದೆ. ನಮ್ಮಮ್ಮ ಜೂನ್ ತಿಂಗಳಲ್ಲಿ ಉಪ್ಪಿನ ಮರಿಗೆಗೆ ಕೈ ಹಾಕಿ, “ಉಪ್ಪು ಬೆವೆತಿದೆ, ಇವತ್ತು ಹಪ್ಪಳದ ಡಬ್ಬಿ ತೆಗೀಬೇಡಿ” ಎನ್ನುತ್ತಿದ್ದಳು. ಶಾಲೆಗೆ ಹೋಗದ ಅಮ್ಮನ ಮಾಪಕ 75ರಲ್ಲಿ ಎಂದೂ ತಪ್ಪಿರಲಿಲ್ಲವೆಂಬುದು ಆ ನೆಲಮಾಳಿಗೆಯಲ್ಲಿ ನನಗೆ ಹೊಳೆಯಿತು.

ಪೆಟ್ಟಿಗೆಯ ಮೇಲ್ಭಾಗ ಪೂರ್ತಿ ಜಾಲರಿ. ದೀಪದ ಬಿಸಿಗೆ ಎದ್ದ ಆವಿಯೆಲ್ಲ ಹೊಗೆಗೂಡಿನಿಂದ ಹೋದಂತೆ ಮೇಲೆ ಹೋಗುತ್ತಿತ್ತು. ದೀಪದ ಜಾಗವನ್ನೂ ಗಾಳಿಗೆಂದು ಒಂದು ಪಟ್ಟಿಯನ್ನೂ ಬಿಟ್ಟು, ಉಳಿದದ್ದಕ್ಕೆ ಅಡಿಗೆಯ ಅಲ್ಯೂಮಿನಿಯಂ ಹಾಳೆ ಹೊದಿಸಿದೆವು. ಕೆಳಗೆ ಹಾಸಿದ್ದ ಕಾಗದ ತೆಗೆದು ಅಂಗಡಿಯಿಂದ ತೆಂಗಿನ ಸಿಪ್ಪೆಯ ಒತ್ತಿದ ಇಟ್ಟಿಗೆ ತಂದೆವು. ಬಕೆಟ್ಟಿನ ನೀರಿನಲ್ಲಿ ಹಾಕಿದರೆ ಅದು ನೋಡನೋಡುತ್ತ ಉಬ್ಬಿ ಬಕೆಟ್ಟು ತುಂಬಿತು. ಆ ವಾಸನೆ! ನೆನೆಹಾಕಿದ ತೆಂಗಿನ ನಾರಿನ ವಾಸನೆ. ಹಿಮದ ನಾಡಿನ ನೆಲಮಾಳಿಗೆಯಲ್ಲಿ ಬಕೆಟ್ಟಿನ ಮೇಲೆ ಬಗ್ಗಿ ನಾನು ಎರಡು ಸಲ ಉಸಿರೆಳೆದುಕೊಂಡೆ. ಹುಡುಗನೂ ಬಗ್ಗಿ ಮೂಸಿದ, ಏಕೆಂದು ಕೇಳಲಿಲ್ಲ.

ಅದನ್ನು ಮೂರು ಬೆರಳು ದಪ್ಪಕ್ಕೆ ಹಾಸಿದೆವು. ಮೇಲಿನಿಂದ ನೀರು ಚಿಮುಕಿಸಿದರೆ ಮಾಪಕ ಹಾರಿ ಮೇಲೇರುತ್ತದೆ, ಒಂದು ಗಂಟೆಯಲ್ಲಿ ಇಳಿಯುತ್ತದೆ. ಅದರ ಬದಲು ನಾಲ್ಕು ಮೂಲೆಗಳಲ್ಲಿ ನಿಧಾನವಾಗಿ ನೀರು ಹನಿಸಿದರೆ ಅಡಿಯಲ್ಲಿ ಪಸೆ ನಿಲ್ಲುತ್ತದೆ, ಮೇಲ್ಪದರ ಒಣಗಿಯೇ ಇರುತ್ತದೆ. ಹೀಗೇ ಇರಬೇಕು. ಏಕೆಂದರೆ ಹಾವಿಗೆ ಬೇಕಾದದ್ದು ತೇವ, ಒದ್ದೆಯಲ್ಲ. ಸದಾ ಒದ್ದೆಯ ಮೇಲೆ ಮಲಗಿದರೆ ಹೊಟ್ಟೆಯ ಹುರುಪೆಗಳಲ್ಲಿ ಗುಳ್ಳೆಯೆದ್ದು ಕೊಳೆಯುತ್ತದೆ. ಗಾಳಿಯಾಡದೆ ತಂಪಾದರೆ ಎದೆಗಟ್ಟಿ ಬಾಯಲ್ಲಿ ಉಸಿರಾಡತೊಡಗುತ್ತದೆ. ಅಡಿಕೆಯ ಕೊಳೆರೋಗ ಕಂಡವಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಲಿಲ್ಲ. ನೀರಿನ ತಟ್ಟೆಯನ್ನು ಅಗಲದ್ದಾಗಿ ಬದಲಿಸಿ ಬೆಚ್ಚಗಿನ ಬದಿಗೆ ಸರಿಸಿದೆವು. ಮುಚ್ಚಳಕ್ಕೆ ತೂತು ಕೊರೆದ ಒಂದು ಡಬ್ಬಿಯಲ್ಲಿ ಹಿಂಡಿದ ಪಾಚಿ ತುಂಬಿ ಮೂಲೆಯಲ್ಲಿಟ್ಟೆವು. ಅದು ಚಕ್ಕುಲಿಯ ಹುತ್ತ.

ನಮ್ಮ ಕಡೆ ಚಕ್ಕುಲಿಗೆ ತೇವ ತಗುಲದಂತೆ ಡಬ್ಬಿಯ ಬಾಯಿಗೆ ಬಟ್ಟೆ ಕಟ್ಟಿ ಮುಚ್ಚುತ್ತೇವೆ. ತೇವ ಬೇಡಿದ ಚಕ್ಕುಲಿಯನ್ನು ನಾನು ಕಂಡದ್ದು ಇದೊಂದೇ.

ಅವನು ಎಂಟು ಗಂಟೆಗೆ ಶಾಲೆಗೆ ಹೋದರೆ ಮೂರೂವರೆಗೆ ಬರುವುದು. ಮಗು ಮಲಗಿದ ಹೊತ್ತಿನಲ್ಲಿ ನಾನು ಮೂರು ಸಲ ಕೆಳಗಿಳಿದು ಅಂಕಿಯನ್ನು ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಕನ್ನಡದ ಅಂಕಿಯಲ್ಲಿ ಬರೆದದ್ದು ಅಭ್ಯಾಸಬಲ. ಬಂದವನು ಚೀಲ ಎಸೆದು ಮೊದಲು ಆ ಪುಸ್ತಕ ತೆರೆಯುತ್ತಿದ್ದ. ಓದಲು ಬಾರದೆ ನನ್ನನ್ನೇ ಕೂಗಬೇಕು. “ಅರವತ್ತೆರಡು, ಅರವತ್ತೈದು, ಐವತ್ತೊಂಬತ್ತು.” ಐವತ್ತೊಂಬತ್ತು ಎಂದರೆ ಎಷ್ಟು ಎಂದು ಬೆರಳು ಮಡಿಸುತ್ತಿದ್ದ. ಹತ್ತು ದಿನದಲ್ಲಿ ಬೆರಳು ಮಡಿಸುವುದು ನಿಂತಿತು.

ಫೆಬ್ರವರಿಯಲ್ಲಿ ಚಕ್ಕುಲಿಯ ಮೈ ಮಂಕಾಯಿತು, ಹೊಟ್ಟೆ ನಸುಗೆಂಪಾಯಿತು, ಕಣ್ಣು ಹಾಲು ನೀಲಿಯಾಯಿತು. ಹಳೆಯ ಪೊರೆಗೂ ಹೊಸದಕ್ಕೂ ನಡುವೆ ದ್ರವ ತುಂಬಿದಾಗ ಹಾಗೆ ಕಾಣುತ್ತದೆ. ಆ ದಿನಗಳಲ್ಲಿ ಅದಕ್ಕೆ ಸರಿಯಾಗಿ ಕಾಣಿಸುವುದಿಲ್ಲ, ಊಟ ಬೇಡ, ಮುಟ್ಟುವುದು ಬೇಡ. ನನ್ನ ಎಡಗಣ್ಣಿನಲ್ಲಿ ಜಗತ್ತು ಹೇಗೆ ಕಾಣುತ್ತದೆಯೋ ಬಹುಶಃ ಹಾಗೆಯೇ. ನೀರು ಸ್ವಲ್ಪ ಹೆಚ್ಚಿಸಿ ಎಪ್ಪತ್ತೈದರ ಮೇಲೆ ಹಿಡಿದೆವು. ನಾಲ್ಕು ದಿನಕ್ಕೆ ಕಣ್ಣು ತಿಳಿಯಾಯಿತು. ಬಲಗಣ್ಣು ತಿಳಿಯಾಯಿತು ಎನ್ನಬೇಕು. ಎಡಗಣ್ಣು ಇನ್ನೂ ಸುಕ್ಕಾಗಿತ್ತು. ಹುಡುಗ ಮಾತಾಡುವುದನ್ನು ಬಿಟ್ಟ.

ಅದಾದ ಐದನೆಯ ದಿನ ಬೆಳಗಿನ ಜಾವ ಐದು ಗಂಟೆಗೆ ನನ್ನ ಹೊದಿಕೆ ಎಳೆದ. “ಅಜ್ಜಿ, ಬಾ. ಪೊರೆ.”

ಇಬ್ಬರೂ ಕತ್ತಲಲ್ಲಿ ಮೆಟ್ಟಿಲಿಳಿದೆವು. ಚಕ್ಕುಲಿ ಮರದ ತೊಗಟೆಗೆ ಮೂತಿ ಉಜ್ಜಿ ತುಟಿ ಬಿಡಿಸಿಕೊಂಡಾಗಿತ್ತು. ಪೊರೆ ತಲೆಯ ಹಿಂದಕ್ಕೆ ಮಡಿಸಿಕೊಂಡಿತ್ತು. ಅದು ತನ್ನೊಳಗಿನಿಂದ ತಾನೇ ಹೊರಗೆ ಹರಿಯುತ್ತಿತ್ತು. ಅವಸರವಿಲ್ಲ, ಸದ್ದಿಲ್ಲ. ಹೊರಬಂದ ಮೈ ಆಗ ತಾನೇ ಎಣ್ಣೆ ಹಚ್ಚಿದ ಹೆಬ್ಬಾಗಿಲ ಹಾಗೆ ಮಿನುಗುತ್ತಿತ್ತು. ಅರ್ಧ ಗಂಟೆಯ ಮೇಲೆ ಬಾಲದ ತುದಿಯೂ ಬಂತು, ಹರಿಯದೆ. ಹಾವು ಡಬ್ಬಿಯ ಹಿಂದೆ ಹೋಗಿ ಸುತ್ತಿಕೊಂಡಿತು. ಹುಡುಗ ಕೈಗವಸು ಹಾಕಿಕೊಂಡು ಒದ್ದೆ ಪೊರೆಯನ್ನು ಹೊರತೆಗೆದು, ತಲೆಯ ಭಾಗವನ್ನು ಟಾರ್ಚಿಗೆ ಹಿಡಿದ. ಬಲಗಡೆ ಒಂದು ಗುಂಡು ಗಾಜು. ಎಡಗಡೆ ಎರಡು, ಒಂದರ ಮೇಲೊಂದು. ಹಳೆಯದೂ ಬಂದಿತ್ತು.

ಅವನು ಕುಣಿಯಲಿಲ್ಲ. ನನ್ನ ತೋಳಿಗೆ ಹಣೆ ಒತ್ತಿ ಸ್ವಲ್ಪ ಹೊತ್ತು ನಿಂತ. ಆಮೇಲೆ ಇಬ್ಬರೂ ಸೋಪು ಹಚ್ಚಿ ಕೈ ತೊಳೆದುಕೊಂಡು ಮೇಲೆ ಹತ್ತಿದೆವು.

‘ಪೊರೆ’ ಎಂಬುದಕ್ಕೆ ಕನ್ನಡದಲ್ಲಿ ಇನ್ನೊಂದು ಅರ್ಥವಿದೆ. ದೇವರನ್ನು ಬೇಡುವಾಗ ನಾವು ಪೊರೆ ಎನ್ನುತ್ತೇವೆ: ಕಾಪಾಡು, ಸಲಹು. ಕಳಚಬೇಕಾದದ್ದಕ್ಕೂ ಕಾಯುವುದಕ್ಕೂ ಒಂದೇ ಮಾತು ಹೇಗಾಯಿತೆಂದು ನಾನು ಅದುವರೆಗೆ ಯೋಚಿಸಿರಲಿಲ್ಲ. ಹುಡುಗನಿಗೆ ಎರಡು ಅರ್ಥವನ್ನೂ ಹೇಳಿದೆ. “ಸೇಮ್ ವರ್ಡ್?” ಎಂದು ಹುಬ್ಬೇರಿಸಿದ.

ಮಾರ್ಚ್ ಬಂತು, ಹೋಯಿತು. ಮನೆಯಲ್ಲಿ ಯಾರೂ ಆ ಮಾತು ತೆಗೆಯಲಿಲ್ಲ. ಒಂದು ದಿನ ಕೆಳಗಿನ ಬೇಸಿನ್ನಿನ ಪಕ್ಕ ಸೋಪಿನ ಹೊಸ ಬಾಟಲಿಯೂ ಗೋಡೆಗೆ ಬಡಿದ ಹೊಸ ಹಲಗೆಯೂ ಕಂಡವು, ಅಳಿಯನ ಕೈಕೆಲಸ. ಏಪ್ರಿಲಿನಲ್ಲಿ ನಾನು ಹೊರಡುವ ಮುನ್ನಾದಿನ ಹುಡುಗ ನನ್ನ ನೋಟ್‌ಬುಕ್ಕನ್ನು ತಾನೇ ಇಟ್ಟುಕೊಂಡ. ಈ ಜಾತಿಯ ಹಾವು ಚೆನ್ನಾಗಿ ನೋಡಿಕೊಂಡರೆ 20-30 ವರ್ಷ ಬಾಳುತ್ತದೆ. ಅವನಿಗೆ ನಲವತ್ತರ ಹತ್ತಿರ ಬರುವವರೆಗೂ ಚಕ್ಕುಲಿ ಇದ್ದೀತು. ನನ್ನ ಲೆಕ್ಕ ಅಷ್ಟು ಉದ್ದ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ.

ಈಗ ಪ್ರತಿ ಭಾನುವಾರ ಬೆಳಿಗ್ಗೆ ಫೋನು ಬರುತ್ತದೆ. ಹೇಗಿದ್ದೀಯ, ಊಟ ಆಯ್ತಾ ಎಂದು ಕೇಳುವ ಮೊದಲೇ “ಅಜ್ಜಿ, ಅರವತ್ತೆಂಟು” ಎನ್ನುತ್ತಾನೆ. ನಾನು “ಸಾಕು, ನೀರು ಹಾಕ್ಬೇಡ” ಎನ್ನುತ್ತೇನೆ. ಐವತ್ತರಿಂದ ಎಂಬತ್ತರವರೆಗಿನ ಕನ್ನಡದ ಎಣಿಕೆ ಅವನಿಗೆ ನೀರು ಕುಡಿದಷ್ಟು ಸುಲಭ. ಇಪ್ಪತ್ತೆಂಟು ಎಂದರೆ ಎಷ್ಟೆಂದು ಕೇಳಿ ನೋಡಿ, ತಡವರಿಸುತ್ತಾನೆ. ಅಷ್ಟು ಕೆಳಗಿಳಿಯಲು ಅವನು ಬಿಡುವುದೇ ಇಲ್ಲವಲ್ಲ.